ಡಮ್ಮಿಗೆ ಹಾರಿದವನು

ಸೋಲುವ ಟೀಮು ಡಮ್ಮಿ ಆಟಕ್ಕೆ ಕೈ ಹಾಕಬಾರದು. ಅವತ್ತೂ ನಾನು ಇದನ್ನೇ ಹೇಳಿದ್ದೆ, ಇವತ್ತೂ ಇದನ್ನೇ ಹೇಳ್ತೇನೆ. ಈಗ ಊರಲ್ಲಿ ಸಂಜೆ ಹೊತ್ತು ಯಾವುದಾದರೂ ಶಾಲೆಯ ಮೈದಾನದಲ್ಲಿ ವಾಲಿಬಾಲ್ ನಡೀತಿದ್ದರೆ ನಾನು ನಿಲ್ಲುವುದಿಲ್ಲ. ನಿಂತರೆ ನನ್ನ ಕಣ್ಣು ಬಾಲಿನ ಹಿಂದೆ ಹೋಗುವುದಿಲ್ಲ. ನೆಟ್ಟಿನ ಹತ್ತಿರ ಒಬ್ಬ ಬಾಲಿಲ್ಲದೆ ಹಾರುತ್ತಾನಲ್ಲ, ಗಾಳಿಗೆ ಕೈ ಬೀಸಿ ಸುಮ್ಮನೆ ಇಳಿಯುತ್ತಾನಲ್ಲ, ಅವನ ಮೇಲೆಯೇ ಕೂತುಬಿಡುತ್ತದೆ. ಹುಡುಗ ಯಾರೇ ಆಗಿರಲಿ, ಇಳಿಯುವಾಗ ನನಗೆ ಕಾಣುವುದು ಬೇರೆಯದೇ ಮುಖ. ಅವತ್ತು ರಾತ್ರಿ ಊಟ ಸೇರುವುದಿಲ್ಲ.

ಅದು ಬಹರೈನಿನಲ್ಲಿ, ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮೀನಾ ಸಲ್ಮಾನ್ ಬಂದರಿನ ಒಂದು ವರ್ಕ್‌ಶಾಪಿನಲ್ಲಿ ನಾನು ಫಿಟ್ಟರ್. ಕಬ್ಬಿಣದ ತಗಡು ಜೋಡಿಸಿ ಚಾಕ್‌ಪೀಸಿನಲ್ಲಿ ಗೀಟು ಎಳೆದು ಕೊಡುವುದು ನನ್ನ ಕೆಲಸ, ಅದರ ಮೇಲೆ ವೆಲ್ಡಿಂಗ್ ಮಾಡುವುದು ಅಣ್ಣನ ಕೆಲಸ. ಅಣ್ಣ ಅಂದರೆ ಒಡಹುಟ್ಟಿದವನಲ್ಲ. ನಮ್ಮದೇ ಗ್ರಾಮದವನು, ನನಗಿಂತ ಎಂಟ್ಹತ್ತು ವರ್ಷ ದೊಡ್ಡವನು, ನನಗೆ ವೀಸಾ ಮಾಡಿಸಿ ಕರೆಸಿಕೊಂಡವನು. ಕ್ಯಾಂಪಿನಲ್ಲಿ ಒಂದೇ ರೂಮು, ಮೇಲಿನ ಮಂಚ ಅವನದ್ದು, ಕೆಳಗಿನದ್ದು ನನ್ನದು.

ನಮ್ಮ ಕ್ಯಾಂಪಿಗೊಂದು ವಾಲಿಬಾಲ್ ಟೀಮಿತ್ತು. ಇತ್ತು ಅಂದರೆ ಇತ್ತು ಅಷ್ಟೆ. ಶುಕ್ರವಾರ ಶುಕ್ರವಾರ ಗೋಡೌನ್ ಹಿಂದಿನ ಮೈದಾನದಲ್ಲಿ ಸುತ್ತಲಿನ ಕ್ಯಾಂಪಿನವರ ಜೊತೆ ಮ್ಯಾಚು, ನಾವು ಸೋಲುವುದು, ಬಂದು ಬಂಗುಡೆ ಸಾರು ಮಾಡಿ ಉಣ್ಣುವುದು. ಪಕ್ಕದ ಕ್ಯಾಂಪಿನ ಪಠಾಣರು ನಿಂತಲ್ಲೇ ಕೈ ಎತ್ತಿದರೆ ನೆಟ್ಟಿನ ಮೇಲೆ ಬರುತ್ತಿತ್ತು. ನಮ್ಮವರು ಹಾರಿದರೂ ಬರುತ್ತಿರಲಿಲ್ಲ. ಅಣ್ಣ ಒಬ್ಬ ಮಾತ್ರ ಬೇರೆ. ಅವನು ಸ್ಮ್ಯಾಶ್ ಹೊಡೆದರೆ ಮರಳು ಹಾರಿ ಗೆರೆಯ ಆಚೆ ಕೂತವರ ಚಹಾದ ಗ್ಲಾಸಿಗೆ ಬೀಳುತ್ತಿತ್ತು. ಸೋತರೂ ಜನ ಅವನನ್ನು ನೋಡ್ಲಿಕ್ಕೆ ಬರುತ್ತಿದ್ದರು. ಆದರೆ ಒಬ್ಬನೇ ಎಷ್ಟು ಹೊಡೆಯುತ್ತಾನೆ? ಇಬ್ಬರು ಮೂವರು ಒಟ್ಟಿಗೆ ಅವನೆದುರು ಹಾರಿ ಬ್ಲಾಕ್ ಮಾಡಿಬಿಡುತ್ತಿದ್ದರು.

ಡಮ್ಮಿ ಆಟ ತಂದದ್ದು ನಮ್ಮ ಲಿಫ್ಟರ್. ಬಾಲ್ ಎತ್ತಿ ಕೊಡುವವನನ್ನು ನಮ್ಮ ಕಡೆ ಹಾಗೇ ಕರೆಯುವುದು. ಅವನು ಮನಾಮಾದ ಒಂದು ಆಫೀಸಿನಲ್ಲಿ ಟೈಪಿಸ್ಟ್, ಕ್ರಿಶ್ಚಿಯನ್, ಮಂಗಳೂರಿನ ಕಾಲೇಜಿನಲ್ಲಿ ಆಡಿದವನು. ಮನೆಮಾತು ಕೊಂಕಣಿ, ನಮ್ಮದು ತುಳು, ಹಾಗಾಗಿ ಅವನಿದ್ದಾಗ ಎಲ್ಲರೂ ಕನ್ನಡ. ಒಂದು ಗುರುವಾರ ಸಂಜೆ ನಮ್ಮ ರೂಮಿಗೆ ಬಂದು ಊಟದ ತಟ್ಟೆಯಲ್ಲಿ ಅನ್ನದ ಅಗುಳು ಇಟ್ಟು ವಿವರಿಸಿದ. ಮೂರು ಜನ ಒಟ್ಟಿಗೆ ಹಾರುವುದು. ಬಾಲ್ ಒಬ್ಬನಿಗೆ ಮಾತ್ರ. ಯಾರಿಗೆ ಅನ್ನುವುದು ಲಿಫ್ಟರಿಗೂ ಮೊದಲೇ ಗೊತ್ತಿರುವುದಿಲ್ಲ. ಅವನು ನಮ್ಮವರನ್ನು ನೋಡುವುದೇ ಇಲ್ಲ, ಎದುರಿನವರನ್ನು ನೋಡುತ್ತಾನೆ. ಅವರು ಯಾರ ಮುಂದೆ ಬ್ಲಾಕ್ ಹಾಕಿದರೋ ಅವನನ್ನು ಬಿಟ್ಟು, ಕಾವಲಿಲ್ಲದವನಿಗೆ ಬಾಲ್. ಉದ್ದ ಇದ್ದವರಿಗೆ ಈ ಆಟ ಬೇಡ, ಇದು ನಮ್ಮಂಥ ಕುಳ್ಳರಿಗೇ ಇರುವುದು ಅಂತ ಅವನ ವಾದ.

ನನಗೆ ಸಿಟ್ಟು ಬಂತು. ಫಸ್ಟ್ ಬಾಲ್ ನೆಟ್ಟಗೆ ಎತ್ತಲು ಬಾರದವರಿಗೆ ಡಮ್ಮಿಯಂತೆ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದೆ. ಅರ್ಧ ಜನ ನನ್ನ ಕಡೆ, ಅರ್ಧ ಜನ ಅವನ ಕಡೆ. ಸಾರು ಆರಿಹೋಯಿತು, ಜಗಳ ಆರಲಿಲ್ಲ. ಮುಖ್ಯ ಪ್ರಶ್ನೆ ಬಂದದ್ದು ಕೊನೆಗೆ: ನಡುವಿನಲ್ಲಿ ಸುಮ್ಮನೆ ಹಾರುವವನು ಯಾರು? ಎದುರಿನವರು ಹೆದರಬೇಕಾದರೆ ಅದು ಅಣ್ಣನೇ ಆಗಬೇಕು. ಹೊಡೆಯುವ ಒಬ್ಬನನ್ನೂ ಗೊಂಬೆ ಮಾಡಿ ನಿಲ್ಲಿಸುತ್ತೀರಾ ಅಂತ ನಾನು ಕೇಳುವಷ್ಟರಲ್ಲಿ ಅಣ್ಣನೇ ಬಾಯಿ ಬಿಟ್ಟ. ನಾನು ಹಾರ್ತೇನೆ, ಬಾಲ್ ನೀವೆಲ್ಲ ಹೊಡೀರಿ ಅಂದ. ಎಂಥ ದೊಡ್ಡ ಮನಸ್ಸು ಅಂತ ಲಿಫ್ಟರ್ ಎದ್ದು ಅವನ ಕೈ ಹಿಡಿದುಕೊಂಡ. ನನಗೆ ಮಾತ್ರ ತಲೆಬುಡ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅಣ್ಣ ನನ್ನನ್ನು ಕಡಲಿನ ಕಡೆ ಕರೆದುಕೊಂಡು ಹೋದ. ಕಣ್ಣು ಹೋಗ್ತಾ ಉಂಟು ಅಂದ. ಎರಡೂ ಕಣ್ಣಿಗೆ ಪೊರೆ. ಹಗಲು ಹೇಗೋ ನಡೆಯುತ್ತದೆ, ದೀಪ ಹೊತ್ತಿದ ಮೇಲೆ ಎಲ್ಲ ಬೆಳ್ಳಗೆ ಹರಡಿಬಿಡುತ್ತದೆ, ಬಾಲ್ ಕಾಣುವುದೇ ಇಲ್ಲ. ಮನಾಮಾದಲ್ಲಿ ಗುಟ್ಟಾಗಿ ಒಬ್ಬ ಡಾಕ್ಟರಿಗೆ ತೋರಿಸಿದ್ದನಂತೆ. ಪೊರೆ ಇನ್ನೂ ಹಣ್ಣಾಗಬೇಕು, ಆಮೇಲೆ ಆಪರೇಶನ್ ಅಂದರಂತೆ. ಚಳಿಗಾಲ ಕಳೆದರೆ ರಜೆ. ಊರಿಗೆ ಹೋಗಿ ಆಪರೇಶನ್ ಮಾಡಿಸಿ ಯಾರಿಗೂ ತಿಳಿಯದ ಹಾಗೆ ವಾಪಸು ಬರುವುದು ಅವನ ಲೆಕ್ಕ. ಅಲ್ಲಿಯವರೆಗೆ ಕಂಪನಿಗೆ ಗೊತ್ತಾಗಬಾರದು. ಕಣ್ಣಿಲ್ಲದ ವೆಲ್ಡರನ್ನು ಯಾರು ಇಟ್ಟುಕೊಳ್ತಾರೆ? ಗೊತ್ತಾದರೆ ವೀಸಾ ಖಲಾಸ್. ಆಟ ಬಿಟ್ಟರೆ ಯಾಕೆ ಬಿಟ್ಟೆ ಅಂತ ನೂರು ಬಾಯಿ ಕೇಳುತ್ತದೆ. ನನ್ನೆದುರು ಯಾವಾಗಲೂ ಬ್ಲಾಕ್ ಇರ್ತದೆ, ನನಗೆ ಬಾಲ್ ಬರುವುದಿಲ್ಲ, ಡಮ್ಮಿಗೆ ಹಾರ್ಲಿಕ್ಕೆ ಬಾಲ್ ಕಾಣಬೇಕಂತ ಇಲ್ಲವಲ್ಲ ಮಾರಾಯ, ಅಂತ ನಕ್ಕ.

ನಾನು ಅತ್ತೇಬಿಟ್ಟೆ. ಅವನು ಸಮಾಧಾನ ಮಾಡಲಿಲ್ಲ, ಆಣೆ ಕೇಳಿದ. ನಮ್ಮಿಬ್ಬರದ್ದೂ ಒಂದೇ ಗ್ರಾಮದೈವ. ಊರಿನ ದಿಕ್ಕಿಗೆ, ಕಡಲಿಗೆ ಮುಖ ಮಾಡಿ ನಿಲ್ಲಿಸಿ, ಯಾರಿಗೂ ಹೇಳುವುದಿಲ್ಲ ಅಂತ ತುಳುವಿನಲ್ಲಿ ದೈವದ ಹೆಸರೆತ್ತಿ ಹೇಳಿಸಿದ. ಲಿಫ್ಟರಿಗಾದರೂ ಹೇಳೋಣ, ಬಾಲ್ ಕೊಡುವವನು ಅವನಲ್ವಾ ಅಂದೆ. ಬೇಡ, ಅವನು ಪಾಪದ ಮನುಷ್ಯ, ಸುಳ್ಳು ಬರುವುದಿಲ್ಲ, ಮುಖದಲ್ಲೇ ಗೊತ್ತಾಗಿಬಿಡುತ್ತದೆ ಅಂದ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೈವದ ಆಣೆ ಮುರಿದವನು ವರ್ಷದ ನೇಮದ ದಿನ, ದೈವ ಮೈಮೇಲೆ ಬಂದು ಕೇಳುವಾಗ, ಊರೆದುರು ನಿಂತು ಉತ್ತರ ಹೇಳಬೇಕು. ಕೋರ್ಟಿಗೆ ಹೆದರದವರೂ ಅದಕ್ಕೆ ಹೆದರುತ್ತೇವೆ.

ಅಲ್ಲಿಂದ ನನಗೆ ನಿದ್ದೆ ಸರಿಯಾಗಿ ಬಂದದ್ದಿಲ್ಲ. ವರ್ಕ್‌ಶಾಪಿನಲ್ಲಿ ಅವನಿಗೆ ಕಾಣಲಿ ಅಂತ ಗೀಟನ್ನು ದಪ್ಪಗೆ ಎಳೆಯುತ್ತಿದ್ದೆ. ಮೈದಾನದಲ್ಲಿ ಅವನು ಹಾರುವಾಗೆಲ್ಲ ಉಸಿರು ಹಿಡಿಯುತ್ತಿದ್ದೆ. ಅದರ ಮೇಲೆ ಈ ಹಾಳಾದ ಡಮ್ಮಿ ಆಟ ಫಲ ಕೊಟ್ಟಿತು, ಅದೇ ಕಷ್ಟ. ಅಣ್ಣ ಹಾರಿದ ಕೂಡಲೇ ಪಠಾಣರು ಇಬ್ಬಿಬ್ಬರು ಅವನ ಮುಂದೆ ಗೋಡೆ ಕಟ್ಟುತ್ತಿದ್ದರು. ಬಾಲ್ ಆಚೆ ಬದಿಯ ಕುಳ್ಳನಿಗೆ ಹೋಗುತ್ತಿತ್ತು, ಅವನು ಖಾಲಿ ಜಾಗಕ್ಕೆ ಹೊಡೆಯುತ್ತಿದ್ದ. ನಾವು ಗೆದ್ದೆವು. ಮತ್ತೆ ಗೆದ್ದೆವು. ಕ್ಯಾಂಪಿನಲ್ಲಿ ಹಬ್ಬ. ಅಣ್ಣನೂ ನಗುತ್ತಿದ್ದ. ಆದರೆ ಆಟ ಮುಗಿದ ಮೇಲೆ ಅವನು ತನ್ನ ಬಲಗೈಯನ್ನು ಎಡಗೈಯಿಂದ ಸುಮ್ಮನೆ ತಿಕ್ಕುತ್ತಾ ಕೂರುವುದನ್ನು ನಾನು ನೋಡುತ್ತಿದ್ದೆ. ಹೊಡೆದು ಹೊಡೆದು ಕೆಂಪಾಗುತ್ತಿದ್ದ ಅಂಗೈ ಈಗ ತಣ್ಣಗಿತ್ತು.

ಆ ವರ್ಷದ ಕಪ್ಪಿಗಾಗಿ ಪಠಾಣರ ಜೊತೆ ನಡೆದ ಕೊನೆಯ ಮ್ಯಾಚಿಗೆ ನಮ್ಮ ಫೋರ್‌ಮನ್ ಬಂದ. ಇಂಗ್ಲೆಂಡಿನವನು, ಒಳ್ಳೆಯ ಮನುಷ್ಯ. ನೆಟ್ಟು ಬಾಲು ಕಂಪನಿಯಿಂದ ಕೊಡಿಸಿದವನೂ ಅವನೇ, ಕಪ್ ಕೊಡಬೇಕಾದವನೂ ಅವನೇ. ಆಟ ಎಳೆದು ಎಳೆದು ಹೊತ್ತು ಮುಳುಗಿ ಮಗ್ರಿಬ್ ಬಾಂಗ್ ಆಯಿತು. ಪಠಾಣರಲ್ಲಿ ಕೆಲವರು ಬದಿಗೆ ಹೋಗಿ ನಮಾಜ್ ಮಾಡಿ ಬಂದರು. ಅಷ್ಟರಲ್ಲಿ ಯಾರೋ ಕಂಬದ ದೊಡ್ಡ ದೀಪ ಹಾಕಿದರು. ಅಣ್ಣ ಕಣ್ಣು ಕಿರಿದು ಮಾಡಿದ. ನಾನು ಹತ್ತಿರ ಹೋಗಿ, ಕಾಲು ಉಳುಕಿತು ಅಂತ ಹೇಳಿ ಹೊರಗೆ ಹೋಗು ಅಣ್ಣ ಅಂದೆ. ಅವನು ತಲೆ ಅಲ್ಲಾಡಿಸಿದ. ಈಗ ಹೋದರೆ ಟೀಮು ಸೋಲ್ತದೆ ಅಂದ.

ಪಠಾಣರು ದಡ್ಡರಲ್ಲ. ಇವನು ಬರೀ ಹಾರುವವನು, ಇವನಿಗೆ ಬಾಲ್ ಬರುವುದೇ ಇಲ್ಲ ಅನ್ನುವುದು ಅಷ್ಟು ಹೊತ್ತಿಗೆ ಅವರಿಗೆ ತಿಳಿದಿತ್ತು. ಕತ್ತಲಾಯಿತೆಂದು, ಸರ್ವಿಸ್ ಯಾರದ್ದೇ ಇದ್ದರೂ ಗೆದ್ದವರಿಗೆ ಪಾಯಿಂಟ್ ಅಂತ ಮಾತಾಗಿತ್ತು. ಕೊನೆಯ ಪಾಯಿಂಟಿಗೆ ಅವರ ಸರ್ವಿಸ್ ನನ್ನ ಮೇಲೆ ಬಂತು. ಜೀವಮಾನದಲ್ಲೇ ಅಷ್ಟು ಚೆಂದದ ಫಸ್ಟ್ ಬಾಲ್ ನಾನು ಎತ್ತಿದ್ದಿಲ್ಲ. ಲಿಫ್ಟರಿನ ತಲೆಯ ಮೇಲೆಯೇ ಹೋಯಿತು. ಅಣ್ಣ ಹಾರಿದ. ಅವನ ಮುಂದೆ ಒಬ್ಬನೂ ಹಾರಲಿಲ್ಲ, ಎಲ್ಲರೂ ಆಚೆ ಬದಿಗೆ ಸರಿದಿದ್ದರು. ಲಿಫ್ಟರ್ ನೋಡಿದ. ಕಾವಲಿಲ್ಲದವನಿಗೆ ಬಾಲ್, ಅದೇ ಅಲ್ವಾ ಆಟ? ಅವನು ಸರಿಯಾಗಿಯೇ ಆಡಿದ. ಬೀಸುತ್ತಿದ್ದ ಕೈಗೇ ಬಾಲನ್ನು ತಂದಿಟ್ಟ.

ಅಂಥ ಸದ್ದು ನಾನು ಆಮೇಲೆ ಕೇಳಿಲ್ಲ. ಬಾಲ್ ನೆಲಕ್ಕೆ ಬಿದ್ದು ಎದ್ದು ಜನರ ತಲೆಯ ಮೇಲಿಂದ ಹೋಯಿತು. ಗೆದ್ದೆವು. ಕ್ಯಾಂಪಿಗೆ ಕ್ಯಾಂಪೇ ಮೈದಾನಕ್ಕೆ ನುಗ್ಗಿತು. ಅಣ್ಣ ನೆಟ್ಟಿನ ಹತ್ತಿರ ದೀಪದ ಕಡೆ ಮುಖ ಮಾಡಿ ನಿಂತಿದ್ದ, ಬಾಯಿ ತುಂಬ ನಗು. ಫೋರ್‌ಮನ್ ಎಲ್ಲರಿಗಿಂತ ಮೊದಲು ಓಡಿಬಂದು ಅವನ ಎಡಬದಿಯಲ್ಲಿ ನಿಂತು ಕೈ ಚಾಚಿದ. ಅಣ್ಣ ನಗುತ್ತಲೇ ಇದ್ದ. ಚಾಚಿದ ಕೈ ಹಾಗೇ ಉಳಿಯಿತು. ನಾನು ಓಡಿಹೋಗಿ ಅಣ್ಣನ ಮಣಿಕಟ್ಟು ಹಿಡಿದು ಅವನ ಕೈಯನ್ನು ಆ ಚಾಚಿದ ಕೈಯೊಳಗೆ ಇಟ್ಟೆ. ಫೋರ್‌ಮನ್ ನನ್ನನ್ನು ನೋಡಿದ, ಅವನನ್ನು ನೋಡಿದ. ಆಮೇಲೆ ಮೆಲ್ಲನೆ ಇನ್ನೊಂದು ಕೈಯನ್ನು ಅವನ ಕಣ್ಣಿನ ಮುಂದೆ ಆಡಿಸಿದ. ಲಿಫ್ಟರ್ ಅಲ್ಲೇ ಇದ್ದ. ಅವನ ಮುಖದ ಬಣ್ಣ ಇಳಿದದ್ದು ಆ ಬೆಳಕಿನಲ್ಲೂ ಕಂಡಿತು.

ಕಂಪನಿಯ ಡಾಕ್ಟರು ನೋಡಿದರು. ಫೋರ್‌ಮನ್ ತನ್ನ ಕೈಲಾದಷ್ಟು ಮಾತಾಡಿದನಂತೆ, ಆದರೆ ರೂಲು ರೂಲೇ. ವೀಸಾ ಕ್ಯಾನ್ಸಲ್ ಆಯಿತು. ಲಿಫ್ಟರ್ ಕ್ಯಾಂಪಿಗೆ ಬಂದು, ನಿಮಗೆ ಮೊದಲೇ ಗೊತ್ತಿತ್ತಾ ಅಂತ ನನ್ನನ್ನು ಕೇಳಿದ. ನಾನು ಅಣ್ಣನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಾ ಇದ್ದೆ. ಅವನು ಮತ್ತೆ ಬಾಲ್ ಮುಟ್ಟಲಿಲ್ಲ, ಟೀಮೂ ಚೆದುರಿತು. ಅಣ್ಣನಿಗೆ ಊರಲ್ಲಿ ಆಪರೇಶನ್ ಆಯಿತು, ಆದರೆ ಕೀವಾಗಿ ಇದ್ದಷ್ಟು ಬೆಳಕೂ ಹೋಯಿತು ಅಂತ ಆ ಮಳೆಗಾಲದಲ್ಲಿ ಸುದ್ದಿ ಬಂತು.

ಅವನನ್ನು ಏರ್‌ಪೋರ್ಟಿಗೆ ಬಿಡಲು ಹೋದ ದಿನ ಇದೆಲ್ಲ ನಮಗೆ ಗೊತ್ತಿರಲಿಲ್ಲ. ಮನಾಮಾ ದಾಟಿ ಟ್ಯಾಕ್ಸಿ ಮುಹರ್ರಕ್ ಸೇತುವೆಗೆ ಏರಿತು, ಎರಡೂ ಕಡೆ ನೀರು. ಅಣ್ಣ, "ಆ ಬಾಲ್ ಎಲ್ಲಿ ಬಿತ್ತು?" ಅಂತ ಕೇಳಿದ.

ಹಿಂದಿನ ಗೆರೆಗೆ ಒಂದು ಗೇಣು ಈಚೆ, ಇಬ್ಬರ ನಡುವೆ ಬಿತ್ತು ಅಂದೆ. ಮರಳು ಹಾರಿತಾ ಅಂದ. ಹಾರಿತು ಅಂದೆ. ಅವರು ಏನು ಮಾಡಿದರು ಅಂದ. ಕದಲಲೇ ಇಲ್ಲ, ಎಲ್ಲರ ಕಣ್ಣೂ ಆಚೆ ಬದಿಯ ಕುಳ್ಳನ ಮೇಲಿತ್ತು ಅಂದೆ.

"ಹಾಗಾದರೆ ನನ್ನನ್ನು ಅವರು ಯಾರೂ ನೋಡ್ತಾ ಇರಲಿಲ್ಲ."

"ಇಲ್ಲ ಅಣ್ಣ."

"ನಾನೂ ನೋಡಲಿಲ್ಲ," ಅಂದ. ನನ್ನ ಮೊಣಕಾಲಿಗಾಗಿ ತಡಕಾಡಿ ಅದರ ಮೇಲೆ ಕೈ ಇಟ್ಟ. "ಮೊದಲಿಂದ ಹೇಳು. ಸರ್ವಿಸ್‌ನಿಂದ."

ಏರ್‌ಪೋರ್ಟಿನ ಮುಂದೆ ಟ್ಯಾಕ್ಸಿ ನಿಂತಿತು. ಡ್ರೈವರ್ ಪೆಟ್ಟಿಗೆ ಇಳಿಸಿ ಬಾಗಿಲು ತೆಗೆದು ಕಾಯುತ್ತಾ ನಿಂತ. ಅಣ್ಣ ಇಳಿಯಲಿಲ್ಲ. ನಾನು ಹೇಳುತ್ತಾ ಇದ್ದೆ.