ನೀರಿನ ಭೀಮಶಿಯ ಹಟ

ಕಟಕೋಳದ ಆಚೆಯ ಒಂದು ಸಣ್ಣ ಊರಿಗೆ ಇಪ್ಪತ್ತೆರಡು ವರ್ಷದಿಂದ ನೀರು ಬಿಡುವವನು ಭೀಮಶಿ. ಬೆಳಗಾದರೆ ಹಲ್ಲುಜ್ಜುವ ಮೊದಲೇ ಹೋಗಿ ಕೆಳಗಿನ ಟಾಕಿಗೆ ಬ್ಲೀಚಿಂಗ್ ಪುಡಿ ಕಲಸಿ ಸುರಿಯುತ್ತಿದ್ದ. ಜ್ವರ ಬಂದಾಗಲೂ ತಪ್ಪಿಸಲಿಲ್ಲ, ಸ್ವಂತ ತಮ್ಮನ ಮದುವೆಯ ದಿನವೂ ತಪ್ಪಿಸಲಿಲ್ಲ. ಇಂಥ ಹಟಮಾರಿಯ ಜೊತೆ ಹೆಂಡತಿ ಸುಂದರವ್ವ ಹೇಗೆ ಬಾಳುತ್ತಾಳೋ ಎಂದು ಊರು ನಗುತ್ತಿತ್ತು.

ಹೋದ ವರ್ಷ ಬೆಳಗಾವಿ ಕಡೆಯ ಸ್ನೇಹಲ್ ಎಂಬ ಎಂಜಿನಿಯರ್ ಹುಡುಗಿ ಅಲ್ಲಿ ಒಂದು ಯಂತ್ರ ಹೂಡಿದಳು. ಹೊಲಕ್ಕೆ ಹೊಡೆದ ಕೀಟನಾಶಕದ ಎಣ್ಣೆ, ಜನ ನುಂಗಿದ ಗುಳಿಗೆಗಳ ಅಂಶ ಬೋರಿನ ನೀರಿಗೆ ಇಳಿದಿತ್ತು. ಅದು ಬ್ಲೀಚಿಂಗ್ ಪುಡಿಗೆ ಬಗ್ಗುವಂಥದ್ದಲ್ಲ. ಯಂತ್ರದೊಳಗೆ ನೀರಿಗೆ ಪೆರಾಕ್ಸೈಡ್ ಎಂಬ ಔಷಧ ಹನಿಸಿ ನೇರಳಾತೀತ ಬೆಳಕು ಬಿಟ್ಟರೆ ಆ ವಿಷ ಒಡೆದುಹೋಗುತ್ತದೆ, ಉಳಿದ ಔಷಧವನ್ನು ಇದ್ದಿಲಿನ ಪದರ ಕಳೆಯುತ್ತದೆ. ಕೆಳಗಿನ ಟಾಕಿಗೆ ಇನ್ನು ಪುಡಿ ಬೇಡ, ನೀರು ಮೇಲಿನ ಟಾಕಿಗೆ ಏರಿದ ಮೇಲೆ ನಾವೇ ಹಾಕುತ್ತೇವೆ ಎಂದು ಅವಳು ಹೇಳಿದ್ದಳು. ಭೀಮಶಿ ಹೂಂ ಅಂದಿದ್ದ.

ಎರಡು ಸಲ ನೀರು ಪರೀಕ್ಷೆಗೆ ಹೋಯಿತು. ಎರಡೂ ಸಲ ವಿಷ ಇದ್ದಷ್ಟೇ ಇತ್ತು. ಮೂರನೆಯ ಸಲವೂ ಹೀಗಾದರೆ ಯಂತ್ರ ಬಿಚ್ಚಿಕೊಂಡು ಬನ್ನಿ ಎಂದು ಮೇಲಿನವರು ಹೇಳಿಬಿಟ್ಟರು. ಸ್ನೇಹಲ್ ಪೈಪು ಪೈಪು ತಡಕುತ್ತ ಕೂತಳು. ಸುಂದರವ್ವ ಕಳಿಸಿದ ರೊಟ್ಟಿ ಹಾಗೇ ಒಣಗಿತು. ಅದನ್ನು ನೋಡಲಾರದೆ ಭೀಮಶಿ ಎದುರು ಬಂದು ನಿಂತು, ಕೆಳಗಿನ ಟಾಕಿಗೆ ದಿನಾ ಪುಡಿ ಹಾಕುತ್ತಲೇ ಇದ್ದೇನೆ ಎಂದು ಒಪ್ಪಿಕೊಂಡ.

ಕೆಳಗಿನ ಟಾಕಿಯ ನೀರಿನೊಂದಿಗೆ ಯಂತ್ರಕ್ಕೆ ಬಂದ ಆ ಪುಡಿಯೇ ಪೆರಾಕ್ಸೈಡನ್ನೆಲ್ಲ ತಿಂದುಹಾಕಿತ್ತು. ಸ್ನೇಹಲ್‌ಗೆ ಸಿಟ್ಟು ನೆತ್ತಿಗೇರಿತು. ನಾವೇ ಹಾಕುತ್ತೇವೆಂದು ಹೇಳಿದ ಮೇಲೂ ಯಾಕೆ ಎಂದು ಕೇಳಿದಳು.

“ನೀವೇನರ ಹಾಕೂದ ಮರತ್ರ?” ಎಂದ ಭೀಮಶಿ. ಆಮೇಲೆ ತಲೆ ತಗ್ಗಿಸಿದ. “ಕೆಲಸಕ್ಕ ಸೇರಿದ ಹೊಸದಾಗ ಒಂದ ದಿನ ನಾ ಮರತಿದ್ದೆರಿ. ಅದ ವಾರ ಊರಾಗ ವಾಂತಿಭೇದಿ ಆತು. ನಮ್ಮ ಚನ್ನವ್ವ ಹ್ವಾದಳು. ಐದ ವರ್ಷದಾಕಿ.”

ಮಗಳು ಹೋದದ್ದು ಊರಿಗೆಲ್ಲ ಗೊತ್ತಿತ್ತು. ಮರೆತ ಸಂಗತಿಯನ್ನು ಮಾತ್ರ ಅವನು ಸುಂದರವ್ವನಿಗೂ ಹೇಳಿರಲಿಲ್ಲ.

ಸ್ನೇಹಲ್‌ಳ ಸಿಟ್ಟು ಇಳಿದುಹೋಯಿತು. ಪುಡಿಯ ಡಬ್ಬಿ ತಂದು ಅವನ ಕೈಗೇ ಕೊಟ್ಟಳು. “ಕಾಕಾ, ಮ್ಯಾಲಿನ ಟಾಕಿಗೆ ನೀವ ಹಾಕ್ರಿ. ನಾವ್ಯಾರೂ ಮುಟ್ಟೂದಿಲ್ಲ.”

ಮೂರನೆಯ ಪರೀಕ್ಷೆಯಲ್ಲಿ ನೀರು ಪಾಸಾಯಿತು, ಯಂತ್ರ ಊರಲ್ಲೇ ಉಳಿಯಿತು. ಈಗ ಭೀಮಶಿ ದಿನಾ ಪುಡಿ ಕಲಸಿದ ಬಕೆಟ್ ಹಿಡಿದು ಮೇಲಿನ ಟಾಕಿಯ ಐವತ್ತು ಮೆಟ್ಟಿಲು ಹತ್ತುತ್ತಾನೆ. ಮೊಣಕಾಲು ನೋಯುತ್ತದೆ, ಆದರೂ ಇನ್ನೊಬ್ಬರನ್ನು ಹತ್ತಗೊಡುವುದಿಲ್ಲ. ಸ್ನೇಹಲ್ ಊರಿಗೆ ಬಂದ ದಿನ ಮಾತ್ರ ಬಕೆಟ್ಟನ್ನು ಅವಳ ಕೈಗೆ ಕೊಟ್ಟು, ತಾನು ಕೆಳಗೆ ಕೂತಿರುತ್ತಾನೆ.