ಸ್ಟೇಷನ್ನಿನ ಮಾಳಿಗೆ ಹತ್ತಿದ ಮೋನಮ್ಮ

ಯಾದಗಿರಿ ಲೈನಿನ ಆ ಸಣ್ಣ ಸ್ಟೇಷನ್ನಿನಲ್ಲಿ ಮೋನಮ್ಮ ಕಸ ಗುಡಿಸಲು ಸೇರಿದಾಗ ಶಹಾಪುರದ ಕಡೆ ಕಾಲುವೆಗೆ ನೀರು ಬಿಟ್ಟು ಹೆಚ್ಚು ದಿನವಾಗಿರಲಿಲ್ಲ. ಭತ್ತದ ನಾಟಿಗೆ ಹೋಗುವ ಹೆಂಗಸರು ಇಲ್ಲಿ ರೈಲಿಳಿದು ಆಟೋ ಹತ್ತುತ್ತಿದ್ದರು. ಸಂಜೆ ಅವರು ತಂದ ಕೆಸರನ್ನು ತೊಳೆಯುವವಳು ಮೋನಮ್ಮ.

ಬೇಸಿಗೆಯಲ್ಲಿ ಅವಳ ಮನೆಯ ತಗಡು ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು. ಸ್ಟೇಷನ್ನಿನ ಕಲ್ಲಿನ ಕೋಣೆ ಮಾತ್ರ ನೀರಿನ ಗಡಿಗೆಯ ಹಾಗೆ ತಂಪು. ಈ ತಂಪನ್ನು ಹೊತ್ತ ಮಾಳಿಗೆ, ಆ ಸಮತಟ್ಟು ಛಾವಣಿ, ಮೇಲಿನಿಂದ ಹೇಗಿದ್ದೀತು ಎಂದು ಅವಳು ಎಷ್ಟೋ ಸಲ ತಲೆಯೆತ್ತಿ ನೋಡಿದ್ದಳು. ಏಣಿಯ ಬಾಗಿಲಿಗೆ ಯಾವಾಗಲೂ ಬೀಗ.

ಹೊಸ ಸ್ಟೇಷನ್ನಿಗಾಗಿ ಹಳೆಯದನ್ನು ಕೆಡವುವುದೆಂದು ಆಯಿತು. ಕೂಲಿಯವರ ಮುಕದ್ದಮ ಬಾಷುಮಿಯಾ ಮಾಳಿಗೆಯ ಮೇಲಿನ ಡಾಂಬರು ಕೀಳಿಸಿದ್ದ. ಮರುದಿನ ಕೆಡವುವ ಮಿಷಿನ್ ಬರುವ ಮೊದಲೇ ಬಂದರೆ ಹತ್ತಿಸಿ ತೋರಿಸುತ್ತೇನೆಂದು ಮೋನಮ್ಮನಿಗೆ ಹೇಳಿದ.

ಆ ಬೆಳಿಗ್ಗೆಯೇ ಗಂಡ ಈಶಪ್ಪನ ತಂಗಿಯ ಮನೆಯವರು ಸುರಪುರದಿಂದ ಬಂದಿಳಿದಿದ್ದರು. ರೊಟ್ಟಿ ಬಡಿದು ಹೋಗು ಎಂದ ಈಶಪ್ಪ.

"ಸ್ಟೇಷನ್ ಏನ್ ಓಡಿ ಹೋಗ್ತದೇನು?"

"ಇವತ್ತ ಹೋಗ್ತದ," ಎಂದಳು ಮೋನಮ್ಮ.

ಅರ್ಧದಷ್ಟು ರೊಟ್ಟಿ ಆಗಿದ್ದವು. ರಸ್ತೆಯಲ್ಲಿ ಮಿಷಿನ್ನಿನ ಸದ್ದು ಕೇಳಿತು. ಹಿಟ್ಟನ್ನು ಪರಾತದಲ್ಲೇ ಬಿಟ್ಟು ಎದ್ದು ಸ್ಟೇಷನ್ನಿಗೆ ಓಡಿದಳು; ಬಾಷುಮಿಯಾ ಏಣಿ ಹತ್ತಿಸಿದ.

ಮಾಳಿಗೆ ಅಷ್ಟು ದೊಡ್ಡದೆಂದು ಅವಳು ಎಣಿಸಿರಲಿಲ್ಲ. ಸುಣ್ಣದ ಗಾರೆ, ಒಂದೇ ಒಂದು ಬಿರುಕಿಲ್ಲ. ಬಾಷುಮಿಯಾ ಹಾರೆಯಿಂದ ಕುಟ್ಟಿದರೆ ಗಂಟೆಯಂತೆ ನುಡಿಯಿತು. ಸುತ್ತಲಿನ ಮೋಟುಗೋಡೆ ಸೇರುವ ಅಂಚಿನ ಉದ್ದಕ್ಕೂ ಬಿದಿಗೆ ಚಂದ್ರನಂಥ ಸಣ್ಣ ಗೀರುಗಳು, ಸಾಲು ಸಾಲು. ಹಳೆಯ ಕಾರೀಗರರು ಕೆತ್ತಿದ ನಕ್ಷೆ ನೋಡಿ ಎಂದ ಅವನು.

ಮೋನಮ್ಮ ಕುಕ್ಕರಗಾಲಲ್ಲಿ ಕುಳಿತಳು. ಮನೆ ಸಾರಿಸುವಾಗ ಗೋಡೆಯ ಮೂಲೆಗೆ ಬಂದರೆ ಮಣಿಕಟ್ಟು ತಿರುಗಲೇಬೇಕು. ಆಗ ಬಳೆ ಒತ್ತಿ ಹಸಿ ಸೆಗಣಿಯಲ್ಲಿ ಇಂಥದೇ ಗೀರು ಬೀಳುತ್ತದೆ.

"ನಕ್ಷಿ ಅಲ್ಲೋ ತಮ್ಮಾ, ಬಳಿ. ಹೆಣ್ಮಕ್ಕಳು ಸಾಲಾಗಿ ಕುಂತು ಕೈಲೆ ತಿಕ್ಯಾರ."

ಬಾಷುಮಿಯಾ ಬಗ್ಗಿ ನೋಡಿದ. ಗಾರೆ ಬಡಿಯುವ ಕೆಲಸ ಹೆಂಗಸರದೇ ಆಗಿತ್ತು ಎಂದು ತನ್ನ ಅಜ್ಜಿ ಹೇಳುತ್ತಿದ್ದಳಂತೆ.

ದೊಡ್ಡ ಬಳೆ, ಸಣ್ಣ ಬಳೆ, ಒಂದು ಕಡೆ ತೀರಾ ಚಿಕ್ಕದು, ಯಾರದೋ ಎಳೆಯ ಕೈ. ನೂರು ವರ್ಷ ಬಿಸಿಲು, ಮಳೆ, ರೈಲಿನ ನಡುಕ, ಎಲ್ಲವನ್ನೂ ಈ ಕೈಗಳು ತಡೆದು ನಿಂತಿದ್ದವು. ಮೋನಮ್ಮ ಮೇಲೆದ್ದಳು. ಅಂಚು ಹಿಡಿದು ಸುತ್ತು ಹೊರಟಳು. ಒಂದು ಗೀರನ್ನೂ ಬಿಡಬಾರದು.

ಫೋನು ಹೊಡೆದುಕೊಂಡಿತು. ಬೀಗರು ಹಸಿದಿದ್ದಾರೆ ಎಂದ ಈಶಪ್ಪ.

"ಹಿಟ್ಟು ಪರಾತದಾಗ ಅದ, ಒಲಿ ಹತ್ತೇ ಅದ. ಬಡೀರಿ. ನಾ ಇನ್ನೂ ಪೂರಾ ನೋಡಿಲ್ಲ."

ಕೆಳಗೆ ಡ್ರೈವರ್ ಹಾರ್ನ್ ಹಾಕಿದ. ತಾಳು ಎಂದು ಬಾಷುಮಿಯಾ ಕೈ ಮಾಡಿದ. ಸುತ್ತು ಮುಗಿಸಿಯೇ ಮೋನಮ್ಮ ಇಳಿದಳು.

ಮೊದಲ ಹೊಡೆತಕ್ಕೆ ಮಾಳಿಗೆ ಅಲುಗಲಿಲ್ಲ. ಎರಡನೆಯದಕ್ಕೂ ಇಲ್ಲ. ಡ್ರೈವರ್ ಇಂಜಿನ್ ನಿಲ್ಲಿಸಿ ಕೆಳಗಿಳಿದು, ತಲೆಯೆತ್ತಿ ನೋಡುತ್ತ ನಿಂತ.