ಏಳು ನಲವತ್ತೆರಡರ ಟೈಮ್

ಕಾರ್ಕಳದ ಬಸ್‌ಸ್ಟ್ಯಾಂಡಿಗೆ ಬೆಳಿಗ್ಗೆ ಹೋದವರಿಗೆಲ್ಲ ಶೇಖರಣ್ಣನ ಗುರುತುಂಟು. ಕುತ್ತಿಗೆಯಲ್ಲಿ ಸೀಟಿ, ಕಂಕುಳಲ್ಲಿ ಉದ್ದದ ಪುಸ್ತಕ, ಎಡಗೈಯಲ್ಲಿ ಮಸುಕು ಗಾಜಿನ ವಾಚು. ಪ್ರೈವೇಟ್ ಬಸ್ಸುಗಳ ಟೈಮ್‌ಕೀಪರ್. ಹುಟ್ಟಿದ್ದು ಕಾಪುವಿನ ಹತ್ತಿರದ ಇನ್ನಂಜೆಯಲ್ಲಿ, ಓದಿದ್ದು ಐದನೆಯ ಕ್ಲಾಸು, ಮೊದಲು ಮಾಡಿದ್ದು ಶಿರ್ವದ ಬಸ್ಸಿನಲ್ಲಿ ಕ್ಲೀನರ್ ಕೆಲಸ. ಮದುವೆಯಾದ ಮೇಲೆ ಕಾರ್ಕಳಕ್ಕೆ ಬಂದು ಬಸ್‌ಸ್ಟ್ಯಾಂಡಿನ ಒಂದು ಕಂಬದ ಬುಡದಲ್ಲಿ ನಿಂತವರು ಮೂವತ್ತು ವರ್ಷ ಅಲ್ಲಿಂದ ಕದಲಲಿಲ್ಲ.

ಶೇಖರಣ್ಣನಿಗೆ ಬರುವ ಇಂಗ್ಲಿಷು ಒಂದೇ ಶಬ್ದ ಎಂದು ಕಂಡಕ್ಟರುಗಳು ತಮಾಷೆ ಮಾಡುತ್ತಿದ್ದರು. ಸುಳ್ಳಲ್ಲ. ಆದರೆ ಆ ಒಂದು ಶಬ್ದದಲ್ಲೇ ಅವರ ಸಂಸಾರವೆಲ್ಲ ಸಾಗಿಹೋಗುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಎಂದರೆ ಗಡಿಯಾರದ ಮುಳ್ಳಲ್ಲ, ಬಸ್ಸಿನವನ ಹಕ್ಕು. ಏಳು ನಲವತ್ತೆರಡರ ಟೈಮ್ ಒಬ್ಬರದ್ದು, ಏಳು ನಲವತ್ತೆಂಟರದ್ದು ಇನ್ನೊಬ್ಬರದ್ದು. ಗದ್ದೆಯ ಹಾಗೆ ಅದನ್ನು ಮಾರುತ್ತಾರೆ, ಕೊಳ್ಳುತ್ತಾರೆ, ಬದುವಿನ ಜಗಳವೂ ಆಗುತ್ತದೆ. ಮುಂದಿನವನು ನಿಮಿಷ ತಡ ಮಾಡಿ ಹೊರಟರೆ ಹಿಂದಿನವನ ಜನರನ್ನು ಬಾಚಿಕೊಂಡ ಹಾಗೆ. ಅದಕ್ಕೆ ಟೈಮ್ ತಿನ್ನುವುದು ಎನ್ನುತ್ತಾರೆ. ಮನೆಯಲ್ಲಿ ಹೆಂಡತಿ ಕುಶಲಾ, "ನಿಮಗೆ ನಮ್ಮ ಜೊತೆ ಕೂತು ಉಣ್ಣುವ ಟೈಮ್ ಉಂಟಾ?" ಎಂದು ಕೇಳುವಾಗ ಅದು ಬಿಡುವು. ಮಗಳು ಆಶ್ರಿತಾಳಿಗೆ ಎರಡು ಸಂಬಂಧ ತಪ್ಪಿಹೋದಾಗ, "ನಮ್ಮ ಟೈಮ್ ಸರಿ ಇಲ್ಲ" ಎಂದು ಶೇಖರಣ್ಣ ನಿಟ್ಟುಸಿರು ಬಿಟ್ಟಾಗ ಅದು ಹಣೆಬರಹ.

ಪುಸ್ತಕದ ಸಂಗತಿ ಮಾತ್ರ ಬೇರೆ. ಬಸ್ಸು ಯಾವಾಗಲೇ ಹೊರಡಲಿ, ಪುಸ್ತಕದಲ್ಲಿ ಬರೆಯುವುದು ಪರ್ಮಿಟ್ಟಿನ ಟೈಮ್. ನಿಜವಾದದ್ದನ್ನು ಬರೆದರೆ ಮಾಲಕರು ಮಾಲಕರೊಳಗೇ ಕಾದಾಡುತ್ತಾರೆ. ಬೈಗುಳ ಬಾಯಲ್ಲಿ ಮುಗಿಯಬೇಕು, ಕಾಗದಕ್ಕೆ ಹತ್ತಬಾರದು. ಹಾಗೆ ಎಲ್ಲರೂ ಒಪ್ಪಿ ನಡೆಸಿಕೊಂಡು ಬಂದ ಪದ್ಧತಿ. ಆದರೆ ಬಸ್ಸು ಬಿಡುವುದರಲ್ಲಿ ಶೇಖರಣ್ಣ ಕಟ್ಟುನಿಟ್ಟು. ಯಾರು ಓಡಿ ಬರಲಿ, ಯಾರು ಕೈ ಬೀಸಲಿ, ನಿಮಿಷವಾಯಿತೋ ಸೀಟಿ.

ಎರಡು ವರ್ಷದ ಹಿಂದೆ, ಒಂದು ಸೋಮವಾರ ಮಾತ್ರ ಆ ಸೀಟಿಯನ್ನು ಟೈಮಿಗೆ ಊದಲಿಲ್ಲ.

ಅಂದು ಆಶ್ರಿತಾಳಿಗೆ ಮಣಿಪಾಲದ ಒಂದು ಆಫೀಸಿನಲ್ಲಿ ಇಂಟರ್‌ವ್ಯೂ, ಒಂಬತ್ತಕ್ಕೆ ಬಾ ಎಂದು ಟೈಮ್ ಕೊಟ್ಟಿದ್ದರು. ಮನೆಯಿಂದ ಬರುವಾಗ ರಿಕ್ಷಾ ದಾರಿಯಲ್ಲಿ ಕೆಟ್ಟು ನಿಂತಿತು. ಇಲ್ಲಿ ಮಣಿಪಾಲದ ಮೇಲೆ ಉಡುಪಿಗೆ ಹೋಗುವ ಏಳು ನಲವತ್ತೆರಡರ ಬಸ್ಸು ಗುರುಗುಡುತ್ತಿತ್ತು. ಡ್ರೈವರು ಇಮ್ಯಾನುಯೆಲ್, ಶೇಖರಣ್ಣನ ಹದಿನೈದು ವರ್ಷದ ಸ್ನೇಹಿತ.

"ಶೇಖರಣ್ಣ, ಊದಿ. ಟೈಮ್ ಆಯ್ತು."

"ಸ್ವಲ್ಪ ನಿಲ್ಲು ಮಾರಾಯ. ಮಗಳು ಬರ್ತಾ ಇದ್ದಾಳೆ."

"ನೀವಾ ಇದು ಹೇಳುವುದು? ನನ್ನ ಅಮ್ಮ ಏದುಸಿರು ಬಿಟ್ಟು ಓಡಿ ಬರುವಾಗ ಸೀಟಿ ಊದಿದವರು ನೀವೇ ಅಲ್ವಾ?" ಇಮ್ಯಾನುಯೆಲ್ ನಕ್ಕುಬಿಟ್ಟ. "ಆಯ್ತು, ನಿಲ್ತೇನೆ. ಮುಂದೆ ಬೈಗುಳ ಬಿದ್ದರೆ ಅರ್ಧ ನಿಮ್ಮದು."

ಹಿಂದಿನ ಬಸ್ಸಿನ ಕಂಡಕ್ಟರು ಲಕ್ಷಿತ್ ಬಾಗಿಲು ಬಡಿದು ಕೂಗಿದ: "ಎಂತ ಶೇಖರಣ್ಣ, ನಮ್ಮ ಟೈಮ್ ಅವರಿಗೆ ಬಡಿಸ್ತಾ ಇದ್ದೀರಾ? ಉಪ್ಪಿನಕಾಯಿ ತರಲಾ?"

ಆಶ್ರಿತಾ ಬಂದು ಹತ್ತುವಾಗ ಏಳು ನಲವತ್ತಾರು. ಶೇಖರಣ್ಣ ಸೀಟಿ ಊದಿದರು. ಪುಸ್ತಕ ತೆರೆದು ಬರೆದರು: 7.42.

ಆ ನಾಲ್ಕು ನಿಮಿಷವನ್ನು ದಾರಿಯಲ್ಲಿ ಹಿಡಿಯಬೇಕಿತ್ತು. ಹಿರಿಯಡ್ಕದ ಈಚೆ, ತಿರುವಿನಲ್ಲಿ, ಲಾರಿಯನ್ನು ಹಿಂದೆ ಹಾಕಲು ಹೋದ ಬಸ್ಸು ಎದುರು ಬಂದ ಸ್ಕೂಟರಿಗೆ ಬಡಿಯಿತು. ಸ್ಕೂಟರಿನವನನ್ನು ಇಮ್ಯಾನುಯೆಲನೇ ಎತ್ತಿ ರಿಕ್ಷಾಕ್ಕೆ ಹಾಕಿದ. ಆ ಮನುಷ್ಯ ಉಳಿಯಲಿಲ್ಲ. ಆಶ್ರಿತಾ ಬೇರೆ ಬಸ್ಸು ಹತ್ತಿ ಮಣಿಪಾಲ ಮುಟ್ಟಿದಳು. ಒಂಬತ್ತಕ್ಕೆ ಎರಡು ನಿಮಿಷ ಇತ್ತು. ಕೆಲಸ ಸಿಕ್ಕಿತು.

ಕೇಸಾಯಿತು. ನಮ್ಮ ಬಸ್ಸು ಟೈಮಿಗೆ ಸರಿಯಾಗಿ ಹೊರಟಿದೆ, ಜೋರಾಗಿ ಓಡಿಸು ಎಂದು ಯಾರೂ ಹೇಳಿಲ್ಲ, ಅವನದ್ದೇ ಸೊಕ್ಕು ಎಂದ ಮಾಲಕ. ಪುಸ್ತಕವೂ ಹಾಗೆಯೇ ಹೇಳುತ್ತಿತ್ತು. ಇಮ್ಯಾನುಯೆಲ್ ಮಾತ್ರ, ತಡವಾಗಿ ಹೊರಟಿತ್ತು ಎಂದ. ಯಾಕೆ ಎಂದು ಪೊಲೀಸರು ಕೇಳಿದರೆ, "ಜನ ಹತ್ತುತ್ತಾ ಇದ್ದರು" ಎಂದನೇ ಹೊರತು ಆಶ್ರಿತಾಳ ಹೆಸರೆತ್ತಲಿಲ್ಲ. ಬಸ್ಸಿನವರು ಯಾರೂ ಅವನ ಪರವಾಗಿ ಕೋರ್ಟಿನ ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ಕೋರ್ಟಿನಲ್ಲಿ ಒಮ್ಮೆ ಒಂದು ಕಡೆಯವರು ಟೈಮ್ ಕೇಳುವುದು, ಇನ್ನೊಮ್ಮೆ ಇನ್ನೊಂದು ಕಡೆಯವರು ಟೈಮ್ ಕೇಳುವುದು, ಹೀಗೆ ವರ್ಷ ಕಳೆಯಿತು.

ಶೇಖರಣ್ಣನ ಸಾಕ್ಷಿಯ ಮುಂಚಿನ ದಿನ ಇಮ್ಯಾನುಯೆಲನ ಹೆಂಡತಿ ಡುಲ್ಸಿನ್ ಬಾಯಿ ಮನೆಗೆ ಬಂದರು. ಜಗಲಿಯ ತುದಿಯಲ್ಲೇ ಕೂತರು. ಕುಶಲಾ ತಂದಿಟ್ಟ ಚಾ ಮುಟ್ಟಲಿಲ್ಲ.

"ಮಗಳ ಸುದ್ದಿ ಎತ್ತಬೇಡ ಅಂದಿದ್ದಾರೆ ನಮ್ಮವರು. ನಾನು ಎತ್ತುವುದಿಲ್ಲ. ಬಸ್ಸು ತಡವಾಗಿ ಹೊರಟಿತ್ತು, ಅಷ್ಟು ಹೇಳಿ ಶೇಖರಣ್ಣ. ಶಿಕ್ಷೆ ಕಮ್ಮಿಯಾದೀತು ಅಂತಾರೆ ವಕೀಲರು. ಆಗದಿದ್ದರೂ ಸೊಕ್ಕಿನಿಂದ ಕೊಂದವನು ಅಂತ ಹೆಸರು ಬರುವುದಿಲ್ಲ."

"ಸ್ವಲ್ಪ ಟೈಮ್ ಕೊಡಿ ಬಾಯಿ. ಯೋಚನೆ ಮಾಡ್ತೇನೆ."

"ನಾಳೆ ಅಲ್ವಾ ಸಾಕ್ಷಿ? ಇನ್ನೆಲ್ಲಿಯ ಟೈಮ್?"

ಅವರು ಹೋದ ಮೇಲೆ ಆಶ್ರಿತಾ ಬಾಗಿಲಿಗೆ ಬಂದು ನಿಂತಳು. "ಹೇಳಿ ಪಪ್ಪ. ನನ್ನ ಹೆಸರೂ ಹೇಳಿ."

"ಹೇಳಿದರೆ ಮೂವತ್ತು ವರ್ಷದ ಪುಸ್ತಕ ಎಲ್ಲ ಸುಳ್ಳು ಅಂತ ಆಗ್ತದೆ. ನಾಳೆಯಿಂದ ನನ್ನ ಸೀಟಿಗೆ ಯಾವ ಬಸ್ಸು ನಿಲ್ತದೆ?"

"ಸೀಟಿ ದೊಡ್ಡದಾ ಪಪ್ಪ?"

ಶೇಖರಣ್ಣ ಕುತ್ತಿಗೆಯ ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡರು. ಆ ಸೀಟಿ ಇಲ್ಲದಿದ್ದರೆ ತಾನು ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತಿರುವ ಒಬ್ಬ ಮುದುಕ ಎಂಬುದನ್ನು ಮಗಳಿಗೆ ಹೇಗೆ ಹೇಳುವುದು?

ಕೋರ್ಟಿನಲ್ಲಿ ಪುಸ್ತಕ ತೋರಿಸಿದರು. ಈ ಬರಹ ನಿಮ್ಮದೇ? ನನ್ನದೇ. ಬಸ್ಸು ಎಷ್ಟಕ್ಕೆ ಹೊರಟಿತು? ಶೇಖರಣ್ಣ ಇಮ್ಯಾನುಯೆಲನ ಕಡೆ ನೋಡಿದರು. ಅವನು ಕಿಟಕಿಯಾಚೆ ನೋಡುತ್ತಿದ್ದ, ಇವರಿಗೆ ಕಷ್ಟವಾಗಬಾರದು ಎನ್ನುವ ಹಾಗೆ.

"ಏಳು ನಲವತ್ತೆರಡು."

ಇಮ್ಯಾನುಯೆಲನಿಗೆ ಒಂದೂವರೆ ವರ್ಷ ಜೈಲಾಯಿತು. ಆಶ್ರಿತಾ ಮಣಿಪಾಲದಲ್ಲೇ ರೂಮು ಮಾಡಿಕೊಂಡಳು. ತಾಯಿಗೆ ಫೋನು ಮಾಡುತ್ತಾಳೆ, ತಂದೆಗಿಲ್ಲ. ಬಸ್ ಮಾಲಕರು ಸೇರಿ ಶೇಖರಣ್ಣನಿಗೆ ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟರು. ಕುಶಲಾ ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಲೇ ಇಲ್ಲ.

ಡುಲ್ಸಿನ್ ಈಗ ಮಣಿಪಾಲದ ಒಂದು ಹಾಸ್ಟೆಲಿನ ಅಡುಗೆಮನೆಗೆ ಹೋಗುತ್ತಾರೆ. ಹತ್ತುವುದು ಅದೇ ಬಸ್ಸು. ಹತ್ತುವ ಮುಂಚೆ ದಿನಾ ಒಂದೇ ಮಾತು, ಸಿಟ್ಟಿಲ್ಲ, ಗಟ್ಟಿ ಧ್ವನಿಯಿಲ್ಲ: "ಶೇಖರಣ್ಣ, ಟೈಮ್ ಎಷ್ಟಾಯ್ತು?" ಶೇಖರಣ್ಣ ಕೇಳದವರ ಹಾಗೆ ಸೀಟಿ ಊದುತ್ತಾರೆ.

ಮೊನ್ನೆ ಬಸ್ಸಿನ ಟಯರಿಗೆ ಗಾಳಿ ಹಾಕುವುದರಲ್ಲಿ ತಡವಾಯಿತು. ಡುಲ್ಸಿನ್ ಮೆಟ್ಟಿಲ ಮೇಲೆ ಕಾಲಿಟ್ಟು ಕೇಳಿದರು. ಏನನ್ನಿಸಿತೋ, ಶೇಖರಣ್ಣ ವಾಚು ನೋಡಿದರು.

"ಏಳು ನಲವತ್ತೈದು, ಬಾಯಿ."

"ಹೌದಾ?" ಅವರು ಪುಸ್ತಕದ ಕಡೆ ಕಣ್ಣು ಹಾಯಿಸಿದರು. "ಹಾಗಾದರೆ ಹಾಗೆಯೇ ಬರೆಯಿರಿ."

ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ಅವರ ತಲೆ ಕಾಣುವವರೆಗೂ ಶೇಖರಣ್ಣ ಪೆನ್ನು ಹಿಡಿದು ನಿಂತಿದ್ದರು. ಬಸ್ಸು ತಿರುವಿನಲ್ಲಿ ಮರೆಯಾಯಿತು. ಹಿಂದಿನ ಬಸ್ಸಿನವನು ಹಾರ್ನು ಹೊಡೆದ.

ಅವರು ಬರೆದರು: 7.42.